ಹಳೇ ಕಾರು ಜರ್ಕ್ ಹೊಡೀತಿದ್ರೆ ಮೊದಲು ಕರೆಂಟ್ ನೋಡಿ

ಹತ್ತು ಹದಿನೈದು ವರ್ಷದ ಪೆಟ್ರೋಲ್ ಕಾರು. ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಹತ್ತುವಾಗ ಜರ್ಕ್ ಹೊಡೆಯುತ್ತದೆ, ಪಿಕಪ್ ಇಲ್ಲ, ಎಸಿ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ. ಗ್ಯಾರೇಜಲ್ಲಿ ಒಬ್ಬರು ಫ್ಯೂಯಲ್ ಪಂಪ್ ಅಂತಾರೆ, ಇನ್ನೊಬ್ಬರು ಸೆನ್ಸರ್ ಅಂತಾರೆ. ಎರಡನ್ನೂ ಬದಲಾಯಿಸಿ ದುಡ್ಡು ಸುರಿದ ಮೇಲೂ ಜರ್ಕ್ ಹಾಗೇ ಉಳಿದರೆ ಹೊಟ್ಟೆ ಉರಿಯುತ್ತೆ ಅಲ್ವಾ? ಪಾರ್ಟ್ ಕೊಳ್ಳುವ ಮೊದಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ತಗೊಳ್ಳಿ. ಎಸ್‌.ಪಿ. ರೋಡಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಪಂಪ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು, ಎಲ್ಲವೂ ಬದುಕುವುದು ಕಾರಿನ ಅದೇ 12 ವೋಲ್ಟ್ ಮೇಲೆ. ಅದು ಕುಸಿದರೆ ಸ್ಪಾರ್ಕ್ ಸಣ್ಣಗಾಗುತ್ತದೆ, ಪಂಪಿನ ಒತ್ತಡ ಇಳಿಯುತ್ತದೆ, ಕಾರು ಮುಗ್ಗರಿಸುತ್ತದೆ. ಹಾಗಾಗಿ ಲೈಟ್ ಮಂಕಾಗುವುದೂ ಜರ್ಕ್ ಹೊಡೆಯುವುದೂ ಎಷ್ಟೋ ಸಲ ಒಂದೇ ಕಾಯಿಲೆ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಗೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ಚೆನ್ನಾಗಿದೆ, 12.2ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಹೆಚ್ಚೆಂದರೆ ಅರ್ಧದಷ್ಟೇ ಉಳಿದಿದೆ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ತುಂಬಾ ಕೆಳಗೆ ಬೀಳಬಾರದು. ಸ್ಟಾರ್ಟ್ ಆದ ಮೇಲೆ ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ ನೋಡಿ. ಆಗ 13ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಅಥವಾ ಅದರ ಬೆಲ್ಟ್ ಕಡೆ ಗಮನ ಕೊಡಿ. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿ ಡೈನಮೋ ಪರೀಕ್ಷೆ ಮಾಡುವವರು ಈಗಲೂ ಇದ್ದಾರೆ, ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಗೇ ಜಿಗಿದು ಇಸಿಯು ಸುಟ್ಟುಹೋಗಬಹುದು.

ಇನ್ನು ಅರ್ಥ್, ಅಂದರೆ ಬ್ಯಾಟರಿಯ ಮೈನಸ್‌ನಿಂದ ಎಂಜಿನ್‌ಗೂ ಬಾಡಿಗೂ ಹೋಗುವ ವೈರಿನ ಜೋಡಣೆ. ಹಳೇ ಕಾರಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲ, ನನಗೆ ಬೇಜಾರಾಗುವುದೂ ಅಲ್ಲೇ. ಎಂಜಿನ್ ಓಡುತ್ತಿರಲಿ, ಲೈಟೆಲ್ಲ ಹಾಕಿರಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿ ಎಂಜಿನ್‌ನ ಬರಿ ಲೋಹಕ್ಕೆ. 0.2 ವೋಲ್ಟ್ ದಾಟಿದರೆ ಅರ್ಥ್ ಸರಿಯಿಲ್ಲ. ಬಾಡಿಗೂ ಹೀಗೇ ನೋಡಿ. ಎಂಜಿನ್ ಆಫ್ ಮಾಡಿ, ಮೈನಸ್ ಟರ್ಮಿನಲ್ ತೆಗೆದು, ಅರ್ಥ್ ವೈರಿನ ಬೋಲ್ಟ್ ಬಿಚ್ಚಿ. ಹೆಚ್ಚಾಗಿ 10 ನಂಬರ್ ಅಥವಾ 12 ನಂಬರ್ ಸ್ಪ್ಯಾನರ್ ಸಾಕು. ಮೇಲೆ ನೋಡಲು ಬೋಲ್ಟ್ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಕಂದು ತುಕ್ಕಿನ ಪದರ, ವೈರಿನ ಪ್ಲಾಸ್ಟಿಕ್ ಸ್ವಲ್ಪ ಹಿಂದೆ ಸರಿಸಿದರೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರುತ್ತವೆ. ಎಮ್ರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿ. ಎಳೆ ಹೋಗಿದ್ದರೆ ವೈರನ್ನೇ ಬದಲಾಯಿಸಿ, ಜೆ.ಸಿ. ರೋಡಲ್ಲಿ ಸಿಗುತ್ತದೆ, ಜಾಸ್ತಿ ದುಡ್ಡಿನದ್ದಲ್ಲ.

ವೋಲ್ಟೇಜ್ ಎಲ್ಲ ಸರಿಯಿದ್ದರೆ, ಜರ್ಕ್ ಯಾವಾಗ ಬರುತ್ತದೆ ಅಂತ ಗಮನಿಸಿ. ಮಳೆಯಲ್ಲಿ ಮಾತ್ರ ಅಥವಾ ನೀರು ನಿಂತ ಅಂಡರ್‌ಪಾಸ್ ದಾಟಿದ ಮೇಲೆ ಮಾತ್ರ ಅಂದರೆ ಪ್ಲಗ್ ವೈರ್, ಕಾಯಿಲ್ ಮೇಲೆ ಅನುಮಾನ ಪಡಿ. ಪ್ಲಗ್ ವೈರ್ ಇರುವ ಕಾರಾದರೆ ರಾತ್ರಿ ಬಯಲಲ್ಲಿ ಬಾನೆಟ್ ತೆಗೆದು, ಎಂಜಿನ್ ಓಡುವಾಗ ನೋಡಿ, ಕೈ ಮಾತ್ರ ಹಾಕಬೇಡಿ. ವೈರಿನ ಮೇಲೆ ನೀಲಿ ಕಿಡಿ ಹರಿದಾಡಿದರೆ ಅಲ್ಲೇ ಕರೆಂಟ್ ಸೋರುತ್ತಿದೆ. ಒಂದೊಂದು ಪ್ಲಗ್‌ಗೂ ಒಂದೊಂದು ಕಾಯಿಲ್ ಇದ್ದರೆ ಇಸಿಯುವಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ. ಪಿ 0301 ಬಂದರೆ ಒಂದನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಅರ್ಥ. ಎಂಜಿನ್ ಆಫ್ ಮಾಡಿ, ಆ ಕಾಯಿಲನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ 0302 ಬಂದರೆ ತಪ್ಪು ಕಾಯಿಲಿನದೇ. 0301 ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್ ನೋಡಿ. ಈ ಅದಲುಬದಲಿಗೆ ಒಂದು ರೂಪಾಯಿ ಖರ್ಚಿಲ್ಲ.

ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ ಅಥವಾ ಬಿಸಿಲಲ್ಲಿ ಸಿಲ್ಕ್ ಬೋರ್ಡ್ ಜಾಮಲ್ಲಿ ನಿಂತು ನಿಂತು ಹೊರಟಾಗ ಮಾತ್ರ ಜರ್ಕ್ ಹೊಡೆದರೆ, ಆಗ ಫ್ಯೂಯಲ್ ಫಿಲ್ಟರ್, ಪಂಪ್ ಕಡೆ ಹೋಗಿ. ಒತ್ತಡವನ್ನು ಗೇಜ್ ಹಾಕಿ ಅಳೆಸಿ, ಸುಮ್ನೆ ಊಹೆ ಮೇಲೆ ಪಂಪ್ ಬದಲಿಸಬೇಡಿ. ಮೊದಲ ಗೇರಲ್ಲಿ ಕ್ಲಚ್ ಬಿಡುವಾಗ ಮಾತ್ರ ನಡುಗಿದರೆ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ, ಕ್ಲಚ್ ಪ್ಲೇಟ್ ಅಥವಾ ಎಂಜಿನ್ ಮೌಂಟಿಂಗ್ ನೋಡಿಸಿ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ವಾರಗಟ್ಟಲೆ ನಿಲ್ಲಿಸುವವರು ಇಲಿ ಕಡಿದ ವೈರನ್ನೂ ಹುಡುಕಿ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪ್‌ಗಳಿಗೆ ವೈರ್ ತಿರುಚಿ ಟೇಪ್ ಸುತ್ತಿರುತ್ತಾರಲ್ಲ, ಆ ಜಾಯಿಂಟ್‌ಗಳನ್ನೆಲ್ಲ ಬಿಚ್ಚಿಸಿ ಬೆಸುಗೆ ಹಾಕಿಸಿ.

ಇಷ್ಟಾದ ಮೇಲೂ ಸಿಗಲಿಲ್ಲ ಅಂದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಬರೆದುಕೊಂಡ ವೋಲ್ಟೇಜು, ಕೋಡು, ಜರ್ಕ್ ಬರುವ ಹೊತ್ತು, ಎಲ್ಲವನ್ನೂ ಅವರ ಮುಂದಿಟ್ಟು, ಪಕ್ಕದ ಸೀಟಲ್ಲಿ ಅವರನ್ನು ಕೂರಿಸಿಕೊಂಡು ಒಂದು ರೌಂಡ್ ಓಡಿಸಿ ತೋರಿಸಿ.