ಕಾರ್ಡಿನ ಮನೆ ಚೆಕ್ಕುಬಂದಿಯಲ್ಲಿ ಸಿಕ್ಕಿತು

ಹಳೇ ಪಿಕ್ಚರ್ ಪೋಸ್ಟ್‌ಕಾರ್ಡ್ ಹಿಡಿದುಕೊಂಡು ಅದರ ಚಿತ್ರದಲ್ಲಿರುವ ಮನೆಯನ್ನು ಮಡಿಕೇರಿಯಲ್ಲಿ ಪತ್ತೆ ಮಾಡಲು ಆಗಲ್ಲ ಅಂತ ನಮ್ಮ ಬಳಗದವರೇ ಹೇಳುತ್ತಿದ್ದರು. ಆಗುತ್ತೆ. ನಾನು ಮಾಡಿದ್ದೇನೆ, ಕಾಗದಪತ್ರ ಸಮೇತ.

ನನ್ನ ಕಾರ್ಡಿನಲ್ಲಿ ಹಿಂದೆ ಕೋಟೆಯ ಅರಮನೆ, ಮುಂದೆ ಇಳಿಜಾರಿನಲ್ಲಿ ಒಂದು ಹೆಂಚಿನ ಮನೆ, ಅದರ ಪಕ್ಕ ಐದಾರು ಕಲ್ಲು ಮೆಟ್ಟಿಲು. ಅರಮನೆಗೆ ಗಡಿಯಾರದ ಗೋಪುರ ಇಲ್ಲ. ಗೋಪುರ ಬಂದಿದ್ದು 1933ರಲ್ಲಿ. ಅಂಚೆಚೀಟಿಯಲ್ಲಿ ಐದನೇ ಜಾರ್ಜ್ ಇದ್ದಾನೆ. ಹಾಗಂತ ಫೋಟೊ ಅವನ ಕಾಲದ್ದೇ ಅನ್ನುವಂತಿಲ್ಲ, ಒಂದೇ ನೆಗೆಟಿವನ್ನು ವರ್ಷಗಟ್ಟಲೆ ಓಡಿಸುತ್ತಿದ್ದರು.

ಎಲ್ಲರೂ ಮೊದಲು ನಕ್ಷೆ ಬಿಡಿಸುತ್ತಾರೆ. ಇಂಚಿಗೆ ಒಂದು ಮೈಲಿಯ ಸರ್ವೆ ಶೀಟ್‌ನಲ್ಲಿ ಒಂದು ಮಿಲಿಮೀಟರ್ ಅಂದರೆ ನೆಲದ ಮೇಲೆ ಸುಮಾರು 200 ಅಡಿ. ಅಷ್ಟರಲ್ಲಿ ಒಂದು ಓಣಿಯೇ ಕೂರುತ್ತೆ! ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಹಳೇ ಶೀಟನ್ನು ಈಗಿನ ನಕ್ಷೆಗೆ ಹೊಂದಿಸಲು ಎಷ್ಟು ಪಾಯಿಂಟ್ ಕೊಟ್ಟರೂ ಒಂದು ಮೂಲೆ ಸರಿಹೋದರೆ ಇನ್ನೊಂದು ಜಾರುತ್ತಿತ್ತು. ಸ್ಕ್ಯಾನು, ಪ್ರಿಂಟು ಅಂತ ಮೂರು ಸಾವಿರದ ಹತ್ತಿರ ದಂಡ.

ಕೊನೆಗೆ ಬೆಟ್ಟ ಹಿಡಿದೆ. ಮರ ಹೋಗುತ್ತೆ, ಮನೆ ಹೋಗುತ್ತೆ, ಬೆಟ್ಟದ ಅಂಚು ಹೋಗಲ್ಲ ಅಲ್ವಾ? ಕಾರ್ಡಿನಲ್ಲಿ ಅರಮನೆ ಮಾಡಿನ ಎಡಮೂಲೆ ಹಿಂದಿನ ಬೆಟ್ಟದ ತಗ್ಗಿಗೆ ಸರಿಯಾಗಿ ಕೂತಿತ್ತು. ಎದುರಿನ ಇಳಿಜಾರಿನಲ್ಲಿ ಅಡ್ಡಡ್ಡ ನಡೆದು, ಎರಡೂ ಹಾಗೇ ಸೇರುವ ಜಾಗದಲ್ಲಿ ನಿಂತೆ. ಹತ್ತು ಹೆಜ್ಜೆ ಸರಿದರೆ ಮೂಲೆ ತಗ್ಗು ಬಿಟ್ಟು ಆಚೆ ಹೋಗುತ್ತೆ. ಮಳೆಗಾಲದಲ್ಲಿ ಹೋಗಬೇಡಿ, ಮಂಜಿನಲ್ಲಿ ಬೆಟ್ಟವೇ ಕಾಣಲ್ಲ. ಅಲ್ಲಿಂದ ಮನೆ ಕಡೆಗೆ ಗೆರೆ ಎಳೆದಾಗ ಮೂರು ಸೈಟು ಉಳಿದವು.

ಇನ್ನೊಂದು ಕಾರ್ಡು ಮಾತ್ರ ಯಾವ ಬೆಟ್ಟಕ್ಕೂ ಹೊಂದುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ, ಕೊಡವ ಸೀರೆ ಉಟ್ಟ ಹೆಂಗಸಿನ ಸೆರಗು ಎಡ ಹೆಗಲಿಗೆ ಬಂದಿದೆ. ಅದು ಬಲಕ್ಕೆ ಬರಬೇಕು. ನೆಗೆಟಿವ್ ತಿರುಗಿಸಿ ಅಚ್ಚು ಹಾಕಿದ್ದರು! ಚಿತ್ರವನ್ನು ಎಡಬಲ ಮಗುಚಿದ ಕೂಡಲೇ ಬೆಟ್ಟ ಕೂತಿತು.

ಮೂರು ಸೈಟಿನಲ್ಲಿ ಯಾವುದು? ಮನೆ ನಂಬರ್ ನಂಬಿ ಅಸೆಸ್‌ಮೆಂಟ್ ರಿಜಿಸ್ಟರ್ (ಮನೆ ಕಂದಾಯದ ಪುಸ್ತಕ) ತಿರುವಿದ್ದು ಸುಮ್ನೆ. ನಂಬರು ಬದಲಾಗುತ್ತಲೇ ಇರುತ್ತೆ, ಚೆಕ್ಕುಬಂದಿ, ಅಂದರೆ ಪತ್ರದಲ್ಲಿ ಬರೆಯುವ ನಾಲ್ಕು ದಿಕ್ಕಿನ ಗಡಿ, ಅಷ್ಟು ಬೇಗ ಬದಲಾಗಲ್ಲ. ಅದೂ ಆ ಮನೆಯ ಪತ್ರ ಅಲ್ಲ, ಪಕ್ಕದ ಮನೆಯವರ ಕ್ರಯಪತ್ರ ಕೇಳಿ. ಒಂದು ಹಳೇ ಪತ್ರದಲ್ಲಿ 'ಪಶ್ಚಿಮಕ್ಕೆ ಹೆಂಚಿನ ಮನೆ ಮತ್ತು ಕಲ್ಲಿನ ಮೆಟ್ಟಿಲು' ಅಂತ ಬರೆದಿತ್ತು. ಹೋಗಿ ನೋಡಿದರೆ ಮೇಲೆ ಆರ್‌ಸಿಸಿ, ಕೆಳಗೆ ಅದೇ ಮೆಟ್ಟಿಲು. ಎರಡು ಮಾತ್ರ ಸಿಮೆಂಟಿನಡಿ ಹೋಗಿವೆ.

ಹಿತ್ತಲಲ್ಲಿ ಹಳೇ ಹೆಂಚು ಪೇರಿಸಿದ್ದರು. ಅದರಿಂದ ಮನೆಯ ವಯಸ್ಸು ಹೇಳಬಹುದಾ ಅಂತಲೂ ನೋಡಿದೆ. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಇದ್ದರೆ ಕುಣಿಯಬೇಡಿ, ಅದು ಕಾರ್ಖಾನೆ ಶುರುವಾದ ವರ್ಷ. ಮೇಲಾಗಿ ಹೆಂಚು ಮಾಡಿನಿಂದ ಮಾಡಿಗೆ ಹೋಗುತ್ತಲೇ ಇರುತ್ತೆ.

ಕಾರ್ಡಿಗೆ 1800, ನಕಲು ಪ್ರತಿ, ಓಡಾಟ ಎಲ್ಲ ಸೇರಿ ಹನ್ನೆರಡು ಸಾವಿರ ಆಗಿರಬಹುದು. ಆಗಲ್ಲ ಅಂದವರಲ್ಲಿ ಇಬ್ಬರು ಈಗ ತಮ್ಮ ಕಾರ್ಡ್ ತಂದುಕೊಟ್ಟಿದ್ದಾರೆ. ಕಾರ್ಡ್ ಅಗ್ಗಕ್ಕೆ ಎಲ್ಲಿ ಸಿಗುತ್ತೆ, ಮಾಸಿದ ಪೆನ್ಸಿಲ್ ಬರಹ ಹೇಗೆ ಓದಿದೆ ಅನ್ನೋದು, ಅವರ ಕಾರ್ಡಿನ ಕೆಲಸ ಮುಗಿಯುವ ತನಕ ನನ್ನ ಹತ್ತಿರವೇ ಇರಲಿ.