ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ: ವೆಬ್ ಫಾರ್ಮಿನಲ್ಲಿ ಒಂದನ್ನೊಂದು ಅವಲಂಬಿಸಿದ ಡ್ರಾಪ್‌ಡೌನ್‌ಗಳನ್ನು ಕಟ್ಟುವ ಕ್ರಮ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ವಿದ್ಯಾರ್ಥಿಗಳಿಗಾಗಿ ಒಂದು ಆನ್‌ಲೈನ್ ಅರ್ಜಿಯನ್ನು ಸಿದ್ಧಪಡಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಅರ್ಜಿದಾರರು ಮೊದಲು ಜಿಲ್ಲೆಯನ್ನು, ಆಮೇಲೆ ತಾಲ್ಲೂಕನ್ನು, ನಂತರ ಹೋಬಳಿಯನ್ನು, ಕೊನೆಗೆ ಗ್ರಾಮವನ್ನು ಆರಿಸಬೇಕಿತ್ತು. ಮೇಲಿನ ಪಟ್ಟಿಯಲ್ಲಿ ಆರಿಸಿದ್ದಕ್ಕೆ ತಕ್ಕಂತೆ ಕೆಳಗಿನ ಪಟ್ಟಿ ತುಂಬಬೇಕಿತ್ತು. ಪಟ್ಟಿ ತುಂಬಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತೆ. ಹಳೆಯ ಪಟ್ಟಿಯನ್ನು ಸರಿಯಾದ ಹೊತ್ತಿಗೆ ಖಾಲಿ ಮಾಡುವುದನ್ನು ಕಲಿಯಲು ವಾರಗಳೇ ಹಿಡಿದವು. ಹಾಗಾಗಿ ಈ ಬರಹದಲ್ಲಿಯೂ ಅದಕ್ಕೇ ಹೆಚ್ಚು ಜಾಗ.

ಮೊದಲು ಮಾಹಿತಿಯ ಜೋಡಣೆ. ಡೇಟಾಬೇಸಿನಲ್ಲಿ ಪ್ರತಿ ಹಂತಕ್ಕೂ ಒಂದು ಟೇಬಲ್ ಇರಲಿ. ಪ್ರತಿ ಸಾಲಿನಲ್ಲಿ ಆ ಸ್ಥಳದ ಸ್ವಂತ ಕೋಡ್, ಹೆಸರು ಮತ್ತು ಅದು ಸೇರಿರುವ ಮೇಲಿನ ಹಂತದ ಕೋಡ್ ಇರಬೇಕು. ಹೆಸರನ್ನೇ ಗುರುತಾಗಿ ಬಳಸುವ ಆಸೆಗೆ ಬೀಳಬೇಡಿ. ಕಸಬಾ ಎಂಬ ಹೋಬಳಿ ತುಮಕೂರು ತಾಲ್ಲೂಕಿನಲ್ಲಿದೆ, ಶಿರಾದಲ್ಲಿದೆ, ಮಧುಗಿರಿಯಲ್ಲಿಯೂ ಇದೆ. ಗುಬ್ಬಿ ತಾಲ್ಲೂಕಿನಲ್ಲೊಂದು ಚೇಳೂರು ಇದ್ದರೆ, ಬಾಗೇಪಲ್ಲಿಯ ಕಡೆ ಇನ್ನೊಂದು ಚೇಳೂರಿದೆ. ಹೆಸರು ಬದಲಾಗುವುದೂ ಉಂಟು: 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ತುಮ್ಕೂರ್ ಹೋಗಿ ತುಮಕೂರು ಬಂತು. ಇನ್ನೊಂದು ತೊಡಕು ಕಣ್ಣಿಗೇ ಕಾಣುವುದಿಲ್ಲ. ‘ಕೋಲಾರ’ದ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಂಡರೂ ಕಂಪ್ಯೂಟರ್ ಅವನ್ನು ಬೇರೆ ಬೇರೆ ಪದಗಳೆಂದೇ ಎಣಿಸುತ್ತದೆ. ಆದ್ದರಿಂದ ಹೆಸರು ತೋರಿಸುವುದಕ್ಕೆ, ಕೋಡ್ ಗುರುತಿಸುವುದಕ್ಕೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಗಳಿಗೂ ಗ್ರಾಮಗಳಿಗೂ ಕೋಡ್‌ಗಳು ಸಿಗುತ್ತವೆ. ಅಲ್ಲಿ ಸಿಗದ ಹಂತಕ್ಕೆ ಮಾತ್ರ ನೀವೇ ಕೋಡ್ ಕೊಟ್ಟುಕೊಳ್ಳಿ.

ಮೇಲಿನ ಹಂತದ ಕೋಡನ್ನು ಪ್ರತಿ ಸಾಲಿನಲ್ಲಿಯೂ ಇಟ್ಟುಕೊಳ್ಳುವುದರ ಅನುಕೂಲವನ್ನು ನಮ್ಮ ಭಾಗದ ಚರಿತ್ರೆಯಿಂದಲೇ ತಿಳಿಯಬಹುದು. 2007ರಲ್ಲಿ ಕೋಲಾರ ಜಿಲ್ಲೆಯನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಮಾಡಿದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಈ ಆರು ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು. ಇಂಥ ಬದಲಾವಣೆಗೆ ಈ ಜೋಡಣೆಯಲ್ಲಿ ಜಿಲ್ಲೆಯ ಟೇಬಲ್ಲಿಗೆ ಒಂದು ಹೊಸ ಸಾಲು, ತಾಲ್ಲೂಕು ಟೇಬಲ್ಲಿನ ಆರು ಸಾಲುಗಳಲ್ಲಿ ಜಿಲ್ಲೆಯ ಕೋಡ್ ತಿದ್ದುವುದು, ಇಷ್ಟೇ ಸಾಕು. ಹೋಬಳಿ, ಗ್ರಾಮಗಳ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.

ಯಾವ ಪಟ್ಟಿಯನ್ನು ಪುಟದೊಂದಿಗೇ ಕಳುಹಿಸಬೇಕು, ಯಾವುದನ್ನು ಕೇಳಿದಾಗ ಮಾತ್ರ ತರಬೇಕು ಎಂಬುದು ಪಟ್ಟಿಯ ಗಾತ್ರಕ್ಕೆ ಬಿಟ್ಟದ್ದು. ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕುಗಳಿವೆ. ಉಳಿದೆರಡು ಜಿಲ್ಲೆಗಳದ್ದನ್ನು ಸೇರಿಸಿದರೂ ಪಟ್ಟಿ ಚಿಕ್ಕದೇ, ಪುಟದೊಳಗೇ ಇರಲಿ. ಹೋಬಳಿ ಮತ್ತು ಗ್ರಾಮಗಳನ್ನು ಮಾತ್ರ ಸರ್ವರ್‌ನಿಂದ ಕೇಳಿ ತರಿಸಿ.

ಫಾರ್ಮಿನಲ್ಲಿ ನಾಲ್ಕು ಸೆಲೆಕ್ಟ್‌ಗಳಿಗೂ (ಎಚ್‌ಟಿಎಂಎಲ್‌ನಲ್ಲಿ ಡ್ರಾಪ್‌ಡೌನ್ ಪಟ್ಟಿಯ ಹೆಸರು ಇದು) ಲೇಬಲ್ ಕೊಡಿ. ಪ್ರತಿಯೊಂದರ ಮೊದಲ ಆಯ್ಕೆ ಮೌಲ್ಯವಿಲ್ಲದ ‘ತಾಲ್ಲೂಕು ಆಯ್ಕೆ ಮಾಡಿ’ ಎಂಬಂಥ ಸಾಲಾಗಿರಲಿ. ಆ ಸಾಲಿಲ್ಲದಿದ್ದರೆ ಬ್ರೌಸರ್ ಪಟ್ಟಿಯ ಮೊದಲ ಊರನ್ನು ತಾನೇ ಆರಿಸಿಕೊಂಡುಬಿಡುತ್ತದೆ, ಅವಸರದಲ್ಲಿರುವ ಅರ್ಜಿದಾರ ಅದನ್ನು ಗಮನಿಸುವುದೂ ಇಲ್ಲ. ಜಿಲ್ಲೆಯೊಂದನ್ನು ಬಿಟ್ಟು ಉಳಿದ ಮೂರನ್ನೂ ಆರಂಭದಲ್ಲಿ ಡಿಸೇಬಲ್ ಮಾಡಿಡಿ, ಅಂದರೆ ಆರಿಸಲಾಗದಂತೆ ಮುಚ್ಚಿಡಿ.

ಈಗ ಜಾವಾಸ್ಕ್ರಿಪ್ಟ್. ಜಿಲ್ಲೆಯ ಚೇಂಜ್ ಈವೆಂಟ್ (ಆಯ್ಕೆ ಬದಲಾಯಿತೆಂದು ಬ್ರೌಸರ್ ಕೊಡುವ ಸೂಚನೆ) ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಅದರ ಕೆಳಗಿನ ಮೂರೂ ಪಟ್ಟಿಗಳನ್ನು ಖಾಲಿ ಮಾಡಿ ಡಿಸೇಬಲ್ ಮಾಡುವುದು. ಬಹಳ ಮಂದಿ ಮುಂದಿನ ತಾಲ್ಲೂಕು ಪಟ್ಟಿಯನ್ನು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ಆಗ ಮೇಲೆ ಕೋಲಾರ ಎಂದಿದ್ದು ಕೆಳಗೆ ಕುಣಿಗಲ್ ತಾಲ್ಲೂಕಿನ ಗ್ರಾಮವೊಂದು ಹಾಗೆಯೇ ಉಳಿದುಬಿಡುತ್ತದೆ. ಖಾಲಿ ಮಾಡಿದ ಮೇಲೆ, ಆರಿಸಿದ ಮೌಲ್ಯವೇ ಖಾಲಿಯಾಗಿದ್ದರೆ ಅಲ್ಲಿಗೇ ನಿಲ್ಲಿ. ಇಲ್ಲದಿದ್ದರೆ ಮುಂದಿನ ಪಟ್ಟಿಯನ್ನು ತುಂಬಿ ಅದೊಂದನ್ನು ಮಾತ್ರ ತೆರೆಯಿರಿ. ತಾಲ್ಲೂಕು, ಹೋಬಳಿಗಳು ಬದಲಾದಾಗಲೂ ಇದೇ ಕ್ರಮ; ಸರ್ವರ್‌ನಿಂದ ತರುವಾಗ ಮಾತ್ರ ‘ಪಟ್ಟಿ ಬರುತ್ತಿದೆ’ ಎಂದು ತೋರಿಸಿ, ಸರ್ವರ್‌ಗೆ ಕೋರಿಕೆ ಕಳುಹಿಸುವ ಜಾವಾಸ್ಕ್ರಿಪ್ಟ್‌ನ ಫೆಚ್ ಮೂಲಕ ಕೇಳಿ. ಆಪ್ಷನ್‌ಗಳನ್ನು ಸೇರಿಸುವಾಗ ಹೆಸರನ್ನು ಎಚ್‌ಟಿಎಂಎಲ್ ಆಗಿ ಅಂಟಿಸದೆ ಬರಿಯ ಪಠ್ಯವಾಗಿ ಇಡುವುದು ಸುರಕ್ಷಿತ.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದು ಬೇರೆಡೆ. ಪಾವಗಡದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಅರ್ಜಿ ತುಂಬುವಾಗ ಬೆರಳು ತಪ್ಪಿ ಶಿರಾ ಒತ್ತಿದ್ದಳು. ಕೂಡಲೇ ತಿದ್ದಿಕೊಂಡು ಪಾವಗಡವನ್ನು ಆರಿಸಿದಳು. ಸರ್ವರ್‌ಗೆ ಎರಡು ಕೋರಿಕೆಗಳು ಹೋದವು. ಪಾವಗಡದ ಉತ್ತರ ಮೊದಲು ಬಂದು ಪಟ್ಟಿ ಸರಿಯಾಗಿಯೇ ತುಂಬಿತು, ಆದರೆ ದುರ್ಬಲ ಸಿಗ್ನಲ್‌ನಲ್ಲಿ ಹಿಂದೆ ಬಿದ್ದಿದ್ದ ಶಿರಾದ ಉತ್ತರ ಎರಡು ಸೆಕೆಂಡ್ ತಡವಾಗಿ ಬಂದು ಅದನ್ನು ಅಳಿಸಿ ತಾನು ಕುಳಿತುಕೊಂಡಿತು. ಪರದೆಯಲ್ಲಿ ಮೇಲೆ ಪಾವಗಡ, ಕೆಳಗೆ ಶಿರಾದ ಹೋಬಳಿಗಳಾದ ಬುಕ್ಕಾಪಟ್ಟಣ, ಕಳ್ಳಂಬೆಳ್ಳ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಇದು ಒಮ್ಮೆಯೂ ಕಂಡಿರಲಿಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ; ಎರಡನ್ನೂ ಬಳಸುವುದು ಒಳ್ಳೆಯದು. ಹೊಸ ಕೋರಿಕೆ ಕಳುಹಿಸುವ ಮುನ್ನ ಹಳೆಯದನ್ನು ಬ್ರೌಸರ್‌ನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್ ಎಂಬ ಸಾಧನದ ಮೂಲಕ ರದ್ದುಪಡಿಸಿ. ಜೊತೆಗೆ ಉತ್ತರ ಬಂದಾಗ, ಯಾವ ತಾಲ್ಲೂಕಿನ ಕೋಡ್‌ಗಾಗಿ ಕೇಳಿದ್ದೆವೋ ಅದೇ ಕೋಡ್ ಈಗಲೂ ಆಯ್ಕೆಯಲ್ಲಿದೆಯೇ ಎಂದು ಹೋಲಿಸಿ, ಇಲ್ಲದಿದ್ದರೆ ಆ ಉತ್ತರವನ್ನು ಕೈಬಿಡಿ. ನಾವಾಗಿ ರದ್ದುಪಡಿಸಿದ ಕೋರಿಕೆಯೂ ದೋಷವಾಗಿಯೇ ಹಿಂದಿರುಗುತ್ತದೆ. ಅದನ್ನು ನಿಜವಾದ ನೆಟ್‌ವರ್ಕ್ ದೋಷದಿಂದ ಬೇರ್ಪಡಿಸಿ. ನಿಜವಾಗಿಯೂ ಸಂಪರ್ಕ ಕಡಿದಿದ್ದರೆ ಖಾಲಿ ಪಟ್ಟಿ ತೋರಿಸದೆ ‘ಪಟ್ಟಿ ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂಬ ಗುಂಡಿಯನ್ನು ಕೊಡಿ. ಖಾಲಿ ಪಟ್ಟಿ ಕಂಡವರು ತಮ್ಮ ಊರೇ ಇಲ್ಲವೆಂದುಕೊಂಡು ಪುಟ ಮುಚ್ಚುತ್ತಾರೆ.

ತಿದ್ದುಪಡಿ ಪುಟದಲ್ಲಿ ಇನ್ನೊಂದು ಹಳ್ಳವಿದೆ. ಹಿಂದೆ ಉಳಿಸಿದ ಜಿಲ್ಲೆಯ ಮೌಲ್ಯವನ್ನು ಜಾವಾಸ್ಕ್ರಿಪ್ಟ್‌ನಿಂದ ಸೆಲೆಕ್ಟ್‌ಗೆ ಕೊಟ್ಟರೆ ಚೇಂಜ್ ಈವೆಂಟ್ ತಾನಾಗಿ ಹುಟ್ಟುವುದಿಲ್ಲ. ಆ ಈವೆಂಟ್ ಬಳಕೆದಾರರು ಬದಲಿಸಿದಾಗ ಮಾತ್ರ ಬರುತ್ತದೆ. ಆದ್ದರಿಂದ ಪಟ್ಟಿ ತುಂಬುವ ಕೆಲಸವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆದು, ಒಂದು ಹಂತ ತುಂಬಿ ಮುಗಿಯುವವರೆಗೆ ಕಾದು, ಅದರ ಮೌಲ್ಯವನ್ನು ಇಟ್ಟು, ಆಮೇಲೆ ಮುಂದಿನ ಹಂತಕ್ಕೆ ಹೋಗಬೇಕು. ಡಿಸೇಬಲ್ ಆಗಿರುವ ಸೆಲೆಕ್ಟ್‌ನ ಮೌಲ್ಯ ಫಾರ್ಮಿನೊಂದಿಗೆ ಸಬ್‌ಮಿಟ್ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಮರೆಯಬಾರದು.

ಬ್ರೌಸರ್‌ನಲ್ಲಿ ಎಲ್ಲವೂ ಸರಿಯಿದ್ದ ಮಾತ್ರಕ್ಕೆ ಸರ್ವರ್ ನಂಬಿ ಕೂರುವಂತಿಲ್ಲ. ಬಂದ ಗ್ರಾಮದ ಕೋಡ್ ಆ ಹೋಬಳಿಗೆ, ಆ ಹೋಬಳಿ ಆ ತಾಲ್ಲೂಕಿಗೆ, ಆ ತಾಲ್ಲೂಕು ಆ ಜಿಲ್ಲೆಗೆ ಸೇರಿದೆಯೇ ಎಂದು ಟೇಬಲ್‌ಗಳನ್ನು ಜೋಡಿಸಿ ಒಂದೇ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಪರೀಕ್ಷಿಸಬಹುದು. ನನ್ನ ಕೇಳಿದರೆ, ಗ್ರಾಮದ ಕೋಡ್ ಒಂದನ್ನೇ ಉಳಿಸಿ ಮೇಲಿನ ಮೂರನ್ನೂ ಅದರಿಂದಲೇ ಪಡೆಯುವುದು ಇನ್ನೂ ಮೇಲು.

ಬಳಕೆಗೆ ಬಿಡುವ ಮುನ್ನ ಎರಡು ಪರೀಕ್ಷೆಗಳನ್ನು ಮಾಡಿ ನೋಡಿ. ಮೊದಲು ನಾಲ್ಕೂ ಹಂತಗಳನ್ನು ತುಂಬಿ, ಹಿಂದಿರುಗಿ ಜಿಲ್ಲೆಯನ್ನು ಬದಲಿಸಿ. ಕೆಳಗಿನ ಮೂರರಲ್ಲಿ ಹಳೆಯ ಒಂದು ಹೆಸರೂ ಉಳಿದಿರಬಾರದು. ಆಮೇಲೆ ಸರ್ವರ್‌ನಲ್ಲಿ ಶಿರಾದ ಉತ್ತರವನ್ನು ಮಾತ್ರ ಬೇಕೆಂದೇ ಮೂರು ಸೆಕೆಂಡ್ ತಡಮಾಡಿ, ಶಿರಾ ಆರಿಸಿದ ಕೂಡಲೇ ಪಾವಗಡಕ್ಕೆ ಬದಲಿಸಿ, ಕೈಕಟ್ಟಿ ಐದು ಸೆಕೆಂಡ್ ಕಾಯಿರಿ. ಆಗಲೂ ಪಾವಗಡದ ಹೋಬಳಿಗಳೇ ಕಾಣುತ್ತಿದ್ದರೆ, ಆ ತಡವನ್ನು ತೆಗೆದುಹಾಕಿ ಫಾರ್ಮನ್ನು ಬಳಕೆಗೆ ಬಿಡಬಹುದು.