ಗುಜರಿ ಕಂಪ್ರೆಸರ್ ಮೂರು ಬೇಸಿಗೆ ಬಾಳಿದ ಬಗೆ

ಹಳೆಯ ಕಾರಿನ ಎ.ಸಿ. ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಸವೆದುಹೋದಾಗ ಕಂಪ್ರೆಸರ್‌ಗಿಂತ ಅದರ ಸುತ್ತಲಿನ ಭಾಗಗಳಿಗೆ ಹೆಚ್ಚು ಹಣ ಹಾಕಬೇಕು ಎಂಬುದು ನನ್ನ ವಾದ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರಿಂದ ಹಿಡಿದು ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಹಿರಿಯ ಮೆಕ್ಯಾನಿಕ್‌ವರೆಗೆ ಯಾರೂ ಇದನ್ನು ಒಪ್ಪಲಿಲ್ಲ. ಗುಜರಿಯಿಂದ ತಂದದ್ದು ಒಂದು ಬೇಸಿಗೆಯನ್ನೂ ದಾಟುವುದಿಲ್ಲ ಎಂದೇ ಎಲ್ಲರ ಮಾತು. 2001ರ ನನ್ನ ಮಾರುತಿ ಜೆನ್‌ನಲ್ಲಿ ಕೂರಿಸಿದ ಗುಜರಿ ಕಂಪ್ರೆಸರ್ ಈಗ ಮೂರು ಬೇಸಿಗೆಗಳನ್ನು ದಾಟಿದೆ, ನಡುವೆ ಗ್ಯಾಸ್ ತುಂಬಿಸುವ ಪ್ರಮೇಯವೂ ಬಂದಿಲ್ಲ.

ಮೂಲ ಕಂಪ್ರೆಸರ್ ಹೆಚ್ಚುಕಡಿಮೆ ಎರಡು ದಶಕ ದುಡಿದಿತ್ತು. ಮೊದಲು ಮುಂಭಾಗದ ಸೀಲ್ ಸೋರಿ, ಕಂಪ್ರೆಸರ್‌ನ ಕ್ಲಚ್‌ಗೆ ನೇರವಾಗಿ ಬಾನೆಟ್‌ನ ಒಳಮೈಯಲ್ಲಿ ಎಣ್ಣೆಯ ಗೆರೆ ಮೂಡಿತು. ಆಮೇಲೆ ಒಳಗಿನ ವಾಲ್ವ್‌ಗಳು ಸವೆದು, ಒತ್ತಡ ಅಳೆಯುವ ಗೇಜ್ ಹಾಕಿದರೆ ಗ್ಯಾಸ್ ಕಂಪ್ರೆಸರ್‌ಗೆ ಮರಳುವ ಲೋ ಕಡೆ ಎಪ್ಪತ್ತು, ಒತ್ತಿ ಹೊರಬಿಡುವ ಹೈ ಕಡೆ ನೂರ ಮೂವತ್ತು ಪಿ.ಎಸ್.ಐ. ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು, ಅಂದರೆ ಕಂಪ್ರೆಸರ್ ಸರಿಯಾಗಿ ಒತ್ತುತ್ತಲೇ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಒಂಬತ್ತು ಸಾವಿರಕ್ಕೆ ರೀಕಂಡೀಷನ್ ಮಾಡಿದ್ದನ್ನು ಹಾಕಿಸಿದೆ, ಅದು ನಾಲ್ಕೈದು ತಿಂಗಳಲ್ಲಿ ಜಾಮ್ ಆಯಿತು. ಇನ್ನೊಂದು ಗ್ಯಾರೇಜಿನಲ್ಲಿ ಹದಿನೇಳು ಸಾವಿರ ಕೊಟ್ಟು ಹೊಸದನ್ನೇ ಹಾಕಿಸಿದೆ, ಅದೂ ಬೇಸಿಗೆ ಮುಗಿಯುವುದರೊಳಗೆ ಕರಕರ ಸದ್ದು ಮಾಡತೊಡಗಿತು. ಇಬ್ಬರೂ ಮಾಲು ಸರಿಯಿರಲಿಲ್ಲ ಎಂದರು. ಹೊಸದೂ ಹಳೆಯದೂ ಒಂದೇ ರೀತಿ ಸತ್ತದ್ದರಿಂದ ತೊಂದರೆ ಬೇರೆಡೆ ಇರಬೇಕೆಂದು ನನಗೆ ಅನ್ನಿಸಿತು. ಗ್ಯಾಸಿನ ತೇವ, ಕಸವನ್ನು ಹಿಡಿಯುವ ಡ್ರೈಯರನ್ನು ಹ್ಯಾಕ್ಸಾದಿಂದ ಕೊಯ್ದು ನೋಡಿದಾಗ ಒಳಗೆ ಮಿನುಗುವ ಕಪ್ಪು ಹಿಟ್ಟು ಸಿಕ್ಕಿತು. ಮೊದಲ ಕಂಪ್ರೆಸರ್ ಉಗುಳಿದ ಲೋಹದ ಪುಡಿ ಎಣ್ಣೆಯೊಡನೆ ಸುತ್ತಿ ಸುತ್ತಿ ಬಂದು ಅದರ ನಂತರದ ಎರಡನ್ನೂ ತಿಂದುಹಾಕಿತ್ತು.

ಆದ್ದರಿಂದ ಈ ಸಲ ಲೆಕ್ಕವನ್ನು ತಿರುಗಿಸಿದೆ. ಕಂಪ್ರೆಸರ್ ಶಿವಾಜಿನಗರದ ಗುಜರಿಯಿಂದ, ಉಳಿದದ್ದೆಲ್ಲ ಹೊಸದು. ಪೈಪ್ ಕಳಚಿ ಬಾಯಿ ತೆರೆದುಕೊಂಡು ರಾಶಿಯಲ್ಲಿ ಬಿದ್ದಿರುವ ಕಂಪ್ರೆಸರನ್ನು ನಾನು ಮುಟ್ಟುವುದಿಲ್ಲ, ಏಕೆಂದರೆ ಅದರೊಳಗಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಅಪಘಾತವಾಗಿ ಬಂದ, ಪೈಪುಗಳು ಇನ್ನೂ ಬಿಗಿಯಾಗಿರುವ ಗಾಡಿಯೇ ಬೇಕು. ಅದರಲ್ಲಿ ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ರಿಕವರಿ ಯಂತ್ರವಿರುವ ಗೆಳೆಯನಿಂದ ತೆಗೆಸಿದೆ. ಕಂಪ್ರೆಸರ್ ಬಿಚ್ಚಿದ ಮೇಲೆ ಹಬ್ ಅನ್ನು ಕೈಯಿಂದ ತಿರುಗಿಸಿ, ಗ್ಯಾಸ್ ಹೊರಬರುವ ಬಾಯಿಗೆ ಹೆಬ್ಬೆರಳನ್ನು ಒತ್ತಿ ನೋಡಬೇಕು. ಒತ್ತಡ ಬೆರಳನ್ನು ತಳ್ಳಬೇಕು, ತಿರುಗುವಾಗ ಎಲ್ಲಿಯೂ ತಡೆಯಬಾರದು. ಸುರಿದ ಎಣ್ಣೆ ಹೊಂಬಣ್ಣದಲ್ಲಿದ್ದರೆ ಸರಿ, ಕಪ್ಪಗಿದ್ದು ಬಿಸಿಲಿಗೆ ಹಿಡಿದಾಗ ಮಿನುಗಿದರೆ ಬಿಟ್ಟಿಗೆ ಕೊಟ್ಟರೂ ಬೇಡ.

ಮುಂದೆ ರೇಡಿಯೇಟರ್‌ನಂತೆ ಕೂತು ಗ್ಯಾಸನ್ನು ತಣಿಸುವ ಕಂಡೆನ್ಸರ್ ತೊಳೆದು ಹಾಕಬಹುದು ಎನ್ನುವವರೊಡನೆ ನನಗೆ ಇಂದಿಗೂ ಜಗಳವಿದೆ. ಆ ಚಪ್ಪಟೆ ಕೊಳವೆಗಳೊಳಗಿನ ದಾರಿಗಳು ಸೂಜಿ ತೂರುವಷ್ಟು ಸಣ್ಣವು, ಅಲ್ಲಿ ಕೂತ ಪುಡಿ ಪೂರ್ತಿಯಾಗಿ ಬರುವುದಿಲ್ಲ. ಒಮ್ಮೆ ಹಳೆಯದನ್ನು ಫ್ಲಶಿಂಗ್ ದ್ರಾವಣದಿಂದ ಬಟ್ಟೆ ಬೆಳ್ಳಗೆ ಕಾಣುವವರೆಗೆ ತೊಳೆದು, ಒಣಗಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟಿ ಮತ್ತೆ ತೊಳೆದಾಗ ಬಟ್ಟೆ ಪುನಃ ಕಪ್ಪಾಯಿತು. ಹೀಗಾಗಿ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್ (ಕೂಲಿಂಗ್ ಕಾಯಿಲಿಗೆ ಹೋಗುವ ಗ್ಯಾಸನ್ನು ನಿಯಂತ್ರಿಸುವುದು) ಮತ್ತು ಎಲ್ಲ ಓ-ರಿಂಗ್‌ಗಳೂ ಹೊಸದು. ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಮಾತ್ರ ಗ್ಯಾಸ್ ಹರಿಯುವ ದಿಕ್ಕಿಗೆ ಎದುರಾಗಿ ತೊಳೆದು, ನೈಟ್ರೋಜನ್ ಹಾಯಿಸಿ ವಾಸನೆ ಹೋಗುವವರೆಗೆ ಒಣಗಿಸಿದೆ. ಪೆಟ್ರೋಲ್ ಅಥವಾ ಥಿನ್ನರ್ ಸುರಿದು ತೊಳೆಯುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಅದರ ಅಂಶ ಉಳಿದರೆ ಎಣ್ಣೆ ಕೆಡುತ್ತದೆ, ಬೆಂಕಿಯ ಭಯ ಬೇರೆ.

ಗುಜರಿ ಕಂಪ್ರೆಸರ್‌ನ ಮುಂಭಾಗದ ಸೀಲನ್ನು ಸೋರದಿದ್ದರೂ ಬದಲಿಸಲೇಬೇಕು. ಶಾಫ್ಟಿನ ಅಂಚು ತಗುಲಿ ಹೊಸ ಸೀಲಿನ ತುಟಿ ಹರಿಯುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಕಷ್ಟ. ಅದನ್ನು ಹರಿಯದಂತೆ ದಾಟಿಸಲು ನಾನು ಬಳಸುವ ಸಣ್ಣ ವಸ್ತು ಪ್ರತಿ ಮನೆಯಲ್ಲೂ ಇರುತ್ತದೆ, ಆದರೆ ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಕ್ಲಚ್ಚಿನ ಸಂದನ್ನು ಫೀಲರ್ ಗೇಜ್‌ನಿಂದ ಅರ್ಧ ಮಿಲಿಮೀಟರ್‌ನ ಒಳಗೆ ತಂದೆ, ಪುಲ್ಲಿಯ ಬೇರಿಂಗನ್ನೂ ಬದಲಿಸಿದೆ.

ಹಳೆಯ ಎಣ್ಣೆ ಎಲ್ಲೂ ಉಳಿದಿರದಿದ್ದರಿಂದ ಪೂರ್ತಿ ಅಳತೆಯ ಪಿ.ಎ.ಜಿ. ಎಂಬ ಕಂಪ್ರೆಸರ್ ಎಣ್ಣೆಯನ್ನು, ಸುಮಾರು 100 ಮಿ.ಲೀ., ಭಾಗಗಳಿಗೆ ಹಂಚಿ ಹಾಕಿದೆ. ಬೆಲ್ಟ್ ಏರಿಸುವ ಮೊದಲು ಹಬ್ಬನ್ನು ಹತ್ತು ಹನ್ನೆರಡು ಸುತ್ತು ಕೈಯಿಂದಲೇ ತಿರುಗಿಸದಿದ್ದರೆ ಒಳಗೆ ನಿಂತ ಎಣ್ಣೆ ಮೊದಲ ಕ್ಷಣದಲ್ಲೇ ವಾಲ್ವ್ ಮುರಿಯಬಹುದು. ನಂತರ ನೈಟ್ರೋಜನ್ 200 ಪಿ.ಎಸ್.ಐ.ಗೆ ಏರಿಸಿ ರಾತ್ರಿಯಿಡೀ ಬಿಟ್ಟೆ, ಮುಳ್ಳು ಅಲ್ಲಾಡಲಿಲ್ಲ. ವ್ಯಾಕ್ಯೂಮ್ ಹಾಕುವಾಗ, ಅಂದರೆ ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯುವಾಗ, ಬೆಂಗಳೂರಿನವರು ನೆನಪಿಡಬೇಕಾದ ಒಂದು ಮಾತಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಗೇಜಿನ ಮುಳ್ಳು 27 ಇಂಚಿನ (ಪಾದರಸದ ಅಳತೆ) ಹತ್ತಿರವೇ ನಿಲ್ಲುತ್ತದೆ. 29 ಬರಲಿಲ್ಲವೆಂದು ಒಳ್ಳೆಯ ಪಂಪನ್ನು ಮಾರಿದವರನ್ನು ನಾನು ಬಲ್ಲೆ. ಒಂದು ಗಂಟೆಗೂ ಹೆಚ್ಚು ಹೊತ್ತು ಪಂಪ್ ಓಡಿಸಿ, ನಿಲ್ಲಿಸಿ, ಅರ್ಧ ಗಂಟೆ ಮುಳ್ಳನ್ನು ಕಾಯ್ದೆ.

ಎ.ಸಿ.ಗೆ ತುಂಬುವ ಗ್ಯಾಸಾದ ಆರ್-134ಎ ಡಬ್ಬವನ್ನೂ ಸುಮ್ಮನೆ ನಂಬಬಾರದು. ನೆರಳಿನಲ್ಲಿ ಕೆಲವು ಗಂಟೆ ಇಟ್ಟು ಗೇಜ್ ಹಾಕಿದರೆ 30 ಡಿಗ್ರಿಯಲ್ಲಿ ಶುದ್ಧ ಗ್ಯಾಸ್ ತೊಂಬತ್ತೇಳು ಪಿ.ಎಸ್.ಐ. ಆಸುಪಾಸಿನಲ್ಲಿ ತೋರಿಸುತ್ತದೆ. ತುಂಬ ವ್ಯತ್ಯಾಸವಿದ್ದರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದರ್ಥ. ಗೇಜ್ ನೋಡಿ ಅಂದಾಜಿಗೆ ತುಂಬದೆ ಡಬ್ಬವನ್ನು ತಕ್ಕಡಿಯ ಮೇಲಿಟ್ಟು ಬಾನೆಟ್ ಸ್ಟಿಕ್ಕರ್‌ನಲ್ಲಿದ್ದಷ್ಟೇ ತೂಕ ತುಂಬಿದೆ. ಲೋ ಮೂವತ್ತು, ಹೈ ನೂರ ತೊಂಬತ್ತರ ಸುತ್ತ ನಿಂತವು, ಹೊರಗೆ 33 ಡಿಗ್ರಿ ಇದ್ದಾಗ ಗಾಳಿಕಿಂಡಿಯಲ್ಲಿ ಥರ್ಮಾಮೀಟರ್ ಏಳು ತೋರಿಸಿತು.

ಮೇ ತಿಂಗಳಲ್ಲಿ ರಾಯಚೂರಿಗೆ ಹೋದಾಗ ಊರೊಳಗಿನ ದಟ್ಟಣೆಯಲ್ಲಿ ಹೈ 280ರವರೆಗೆ ಏರಿತ್ತು. ಕಂಡೆನ್ಸರ್ ಮೇಲೆ ನೀರು ಚಿಮುಕಿಸಿದೊಡನೆ ಸರ್ರನೆ ಇಳಿದದ್ದರಿಂದ ಕೊರತೆ ಗಾಳಿಯದೇ ಎಂದು ಖಚಿತವಾಯಿತು. ಬೇರೆ ಗಾಡಿಯ ಫ್ಯಾನ್ ಒಂದನ್ನು ರಿಲೇ ಮೂಲಕ ಮುಂದೆ ಕೂರಿಸಿದ ಮೇಲೆ ಅದೇ ಬಿಸಿಲಿನಲ್ಲಿ 230 ದಾಟಲಿಲ್ಲ. ಲೋ ಪೈಪಿಗೆ ಫೋಮ್ ಸುತ್ತಿ ನೋಡಿದ್ದರಿಂದ ಮಾತ್ರ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಖರ್ಚು ನೆನಪಿನಿಂದ ಹೇಳುವುದಾದರೆ ಕಂಪ್ರೆಸರ್‌ಗೆ ಮೂರೂವರೆ ಸಾವಿರ, ಕಂಡೆನ್ಸರ್‌ಗೆ ಮೂರು ಸಾವಿರದ ಹತ್ತಿರ, ಡ್ರೈಯರ್, ವಾಲ್ವ್, ಸೀಲ್, ಬೇರಿಂಗ್‌ಗಳಿಗೆ ಎರಡೂವರೆ, ಎಣ್ಣೆ ಮತ್ತು ಗ್ಯಾಸ್‌ಗೆ ಒಂದೂವರೆ ಸಾವಿರ. ನೈಟ್ರೋಜನ್ ಸಿಲಿಂಡರ್ ಗೆಳೆಯನದು. ಹತ್ತೂವರೆ ಸಾವಿರದೊಳಗೆ ಮುಗಿದ ಈ ಕೆಲಸಕ್ಕೆ ಕೊನೆಯದಾಗಿ ವಿಚಾರಿಸಿದ ಗ್ಯಾರೇಜಿನವರು ಇಪ್ಪತ್ತಾರು ಸಾವಿರ ಕೇಳಿದ್ದರು. ಒಪ್ಪದಿದ್ದ ಹಿರಿಯ ಮೆಕ್ಯಾನಿಕ್ ಕಳೆದ ಏಪ್ರಿಲ್‌ನಲ್ಲಿ ತಮ್ಮ ಗಿರಾಕಿಯ ಎಸ್ಟೀಮ್ ಕಾರೊಂದನ್ನು ನನ್ನಲ್ಲಿಗೆ ಕಳುಹಿಸಿದರು. ಅದಕ್ಕೆ ಹೊಸ ಕಂಡೆನ್ಸರ್ ತಂದಿಟ್ಟಿದ್ದೇನೆ. ಪೈಪ್ ಬಿಚ್ಚದ ಗುಜರಿ ಗಾಡಿಯೊಂದು ಇನ್ನೂ ಸಿಗಬೇಕಾಗಿದೆ.